ಸಿಡಿ ಗುಣಮಟ್ಟಕ್ಕಿಂತ ಹೈ-ರೆಸಲ್ಯೂಶನ್ ಆಡಿಯೋ ನಿಜಕ್ಕೂ ಮೇಲೇ?

ಪ್ರಶ್ನೆ: ಹಲವು ವರ್ಷಗಳಿಂದ ಕೂಡಿಟ್ಟ ಸಿಡಿಗಳು ನನ್ನ ಬಳಿ ಇವೆ. ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೇನೆ. ಈಗ ಅವೇ ಆಲ್ಬಮ್‌ಗಳು 24 ಬಿಟ್, 192 ಕಿಲೋಹರ್ಟ್ಸ್ ಹೈ-ರೆಸಲ್ಯೂಶನ್ ಆವೃತ್ತಿಗಳಾಗಿ ಸಿಗುತ್ತಿವೆ. ಒಂದನ್ನು ಕೊಂಡು ಹೋಲಿಸಿ ನೋಡಿದೆ. ಹೊಸದು ಹೆಚ್ಚು ಸ್ಪಷ್ಟವಾಗಿ, ಹೆಚ್ಚು ವಿಶಾಲವಾಗಿ ಕೇಳಿಸಿತು. ಸಿಡಿಯಲ್ಲಿ ಧ್ವನಿಯ ಅಲೆ ಮೆಟ್ಟಿಲು ಮೆಟ್ಟಿಲಾಗಿ ತುಂಡಾಗಿರುತ್ತದೆ, ಹೈ-ರೆಸ್‌ನಲ್ಲಿ ಅದು ನುಣುಪಾಗಿರುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಇದು ನಿಜವೇ? ನನ್ನ ಸಂಗ್ರಹವನ್ನೆಲ್ಲ ಮತ್ತೆ ಕೊಳ್ಳಬೇಕೇ?

ಉತ್ತರ: ನಿಮಗೆ ವ್ಯತ್ಯಾಸ ಕೇಳಿಸಿತು ಎಂಬುದನ್ನು ನಾನು ಅನುಮಾನಿಸುವುದಿಲ್ಲ. ನೀವು ಕೊಂಡ ಹೊಸ ಆವೃತ್ತಿ ಹಳೆಯದಕ್ಕಿಂತ ನಿಜಕ್ಕೂ ಚೆನ್ನಾಗಿರಬಹುದು. ಆದರೆ ಅದಕ್ಕೆ 24 ಮತ್ತು 192 ಎಂಬ ಅಂಕಿಗಳೇ ಕಾರಣವೆಂದು ತೀರ್ಮಾನಿಸುವುದು ಬೇರೆಯೇ ಮಾತು, ಮತ್ತು ಆ ತೀರ್ಮಾನ ಬಹುಪಾಲು ಸಂದರ್ಭಗಳಲ್ಲಿ ತಪ್ಪಾಗಿರುತ್ತದೆ. ಮೈಕ್ರೊಫೋನನ್ನು ಎಲ್ಲಿ ಇಟ್ಟರು, ಎಂಥ ಕೋಣೆಯಲ್ಲಿ ನುಡಿಸಿದರು, ಹೇಗೆ ಮಿಕ್ಸ್ ಮಾಡಿದರು, ಕೊನೆಯಲ್ಲಿ ಮಾಸ್ಟರಿಂಗ್ (ಬಿಡುಗಡೆಗೆ ಮುನ್ನ ಧ್ವನಿಯ ಮಟ್ಟ, ಸಮತೋಲನಗಳನ್ನು ಅಂತಿಮಗೊಳಿಸುವ ಕೆಲಸ) ಮಾಡಿದವರು ಎಷ್ಟು ಸಂಯಮ ತೋರಿದರು ಎಂಬಂಥ, ಧ್ವನಿಮುದ್ರಣದ ಗುಣವನ್ನು ನಿರ್ಧರಿಸುವ ಸಂಗತಿಗಳೆಲ್ಲ ಫೈಲು ನಿಮ್ಮ ಕೈಗೆ ಬರುವ ರೂಪ ಯಾವುದೆಂದು ಗೊತ್ತಾಗುವ ಮೊದಲೇ ಮುಗಿದಿರುತ್ತವೆ. ಆ ಕೆಲಸದ ಫಲವನ್ನು ಮನುಷ್ಯನ ಕಿವಿಗೆ ಕೊರತೆಯಿಲ್ಲದೆ ತಲುಪಿಸಲು ಸಿಡಿಯ 16 ಬಿಟ್, 44.1 ಕಿಲೋಹರ್ಟ್ಸ್ ರೂಪ ಸಾಕು ಎಂಬುದನ್ನೇ ಇದುವರೆಗಿನ ಅಳತೆಗಳೂ ಆಲಿಕೆಯ ಪರೀಕ್ಷೆಗಳೂ ಒಟ್ಟಿನಲ್ಲಿ ತೋರಿಸುತ್ತವೆ. ಈ ಮಾತನ್ನು ಸ್ವಲ್ಪ ಸಡಿಲಿಸಿ ಹೇಳಬೇಕಾದ ಒಂದೆರಡು ಕಡೆಗಳೂ ಇವೆ. ಅವನ್ನೂ ಮುಚ್ಚಿಡದೆ ವಿವರಿಸುತ್ತೇನೆ.

ಮೊದಲು ಮೆಟ್ಟಿಲಿನ ವಿಷಯವನ್ನು ತೆಗೆದುಕೊಳ್ಳೋಣ, ಏಕೆಂದರೆ ಉಳಿದ ತಪ್ಪು ಕಲ್ಪನೆಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಡಿಜಿಟಲ್ ಧ್ವನಿಮುದ್ರಣದಲ್ಲಿ ಅಲೆಯ ಎತ್ತರವನ್ನು ಒಂದು ಸೆಕೆಂಡಿಗೆ ಇಂತಿಷ್ಟು ಬಾರಿ ಅಳೆದು ಬರೆದಿಡುತ್ತಾರೆ. ಸಿಡಿಯಲ್ಲಿ ಹೀಗೆ ಅಳೆಯುವುದು ಸೆಕೆಂಡಿಗೆ 44,100 ಬಾರಿ, ಅಂದರೆ 44.1 ಕಿಲೋಹರ್ಟ್ಸ್. ಈ ಅಳತೆಗಳನ್ನು ಸ್ಯಾಂಪಲ್‌ಗಳೆಂದು ಕರೆಯುತ್ತೇವೆ. ಜಾಹೀರಾತುಗಳ ಚಿತ್ರಗಳಲ್ಲಿ ಒಂದು ಸ್ಯಾಂಪಲ್‌ನಿಂದ ಇನ್ನೊಂದರವರೆಗೆ ಅಡ್ಡಗೆರೆ ಎಳೆದು, ಅಲೆಯನ್ನು ಮೆಟ್ಟಿಲಿನಂತೆ ತೋರಿಸುತ್ತಾರೆ. ಆದರೆ ಸ್ಯಾಂಪಲ್ ಎಂಬುದು ಒಂದು ಕ್ಷಣದ ಬಿಂದುವೇ ಹೊರತು ಅಡ್ಡಗೆರೆಯಲ್ಲ. ಒಂದೇ ಸಾಲಿನಲ್ಲಿಲ್ಲದ ಮೂರು ಬಿಂದುಗಳನ್ನು ಕಾಗದದ ಮೇಲೆ ಗುರುತಿಸಿದರೆ ಅವುಗಳ ಮೂಲಕ ಹಾದುಹೋಗುವ ವೃತ್ತ ಒಂದೇ ಒಂದು ಇರುತ್ತದೆ. ಅದೇ ವೃತ್ತದ ಮೇಲೆ ಇನ್ನೂ ಮುನ್ನೂರು ಬಿಂದುಗಳನ್ನಿಟ್ಟ ಮಾತ್ರಕ್ಕೆ ಆ ವೃತ್ತ ಮತ್ತಷ್ಟು ದುಂಡಗಾಗುವುದಿಲ್ಲ. ಧ್ವನಿಯ ಅಲೆಗೂ ಇಂಥದೇ ಒಂದು ನಿಯಮವಿದೆ. ಅಲೆಯಲ್ಲಿರುವ ಅತ್ಯುಚ್ಚ ಕಂಪನಾಂಕದ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆದರೆ, ಆ ಬಿಂದುಗಳ ಮೂಲಕ ಹಾದುಹೋಗಬಲ್ಲ ಅಲೆ ಒಂದೇ ಇರುತ್ತದೆ, ಮತ್ತು ಅದನ್ನು ಪೂರ್ತಿಯಾಗಿ ಮರಳಿ ಪಡೆಯಬಹುದು. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ತಂತಿ ಸಂದೇಶಗಳ ಸಂಬಂಧದಲ್ಲಿ ಇದಕ್ಕೆ ಅಡಿಪಾಯ ಹಾಕಿದರು, ವ್ಲಾದಿಮಿರ್ ಕೊಟೆಲ್ನಿಕೋವ್ 1933ರಲ್ಲಿಯೂ ಕ್ಲಾಡ್ ಶಾನನ್ 1949ರಲ್ಲಿಯೂ ಇದನ್ನು ಪ್ರಮೇಯವಾಗಿ ನಿರೂಪಿಸಿದರು. ಇದು ಅಂದಾಜಿನ ಲೆಕ್ಕವಲ್ಲ, ಗಣಿತದಿಂದ ಸಾಧಿಸಿದ ಸತ್ಯ. ಸಿಡಿ ಪ್ಲೇಯರಿನ ಹೊರಹರಿವಿಗೆ ಆಸಿಲೋಸ್ಕೋಪ್ ಜೋಡಿಸಿ 10 ಕಿಲೋಹರ್ಟ್ಸ್‌ನ ಶುದ್ಧ ಸ್ವರವೊಂದನ್ನು ನುಡಿಸಿದರೆ ಪರದೆಯ ಮೇಲೆ ಕಾಣುವುದು ನುಣುಪಾದ ಅಲೆಯೇ, ಮೆಟ್ಟಿಲಲ್ಲ; ಡಿಜಿಟಲ್‌ನಿಂದ ಅನಲಾಗ್‌ಗೆ ಪರಿವರ್ತಿಸುವ ಡ್ಯಾಕ್‌ನ ಫಿಲ್ಟರು ಬಿಂದುಗಳ ನಡುವಿನ ಹಾದಿಯನ್ನು ಅಷ್ಟು ಕರಾರುವಾಕ್ಕಾಗಿ ತುಂಬಿರುತ್ತದೆ.

ಆದ್ದರಿಂದ ಸ್ಯಾಂಪ್ಲಿಂಗ್ ದರವನ್ನು ಹೆಚ್ಚಿಸುವುದರಿಂದ ಕೇಳಿಸುವ ಧ್ವನಿಯ ವಿವರ ಹೆಚ್ಚುವುದಿಲ್ಲ. ಇನ್ನೂ ಎತ್ತರದ ಕಂಪನಾಂಕಗಳನ್ನು ದಾಖಲಿಸಲು ಸಾಧ್ಯವಾಗುತ್ತದೆ, ಅಷ್ಟೆ. 44.1 ಕಿಲೋಹರ್ಟ್ಸ್ ದರದಲ್ಲಿ ದಾಖಲಿಸಬಹುದಾದ ಮಿತಿ 22.05 ಕಿಲೋಹರ್ಟ್ಸ್, 192ರಲ್ಲಿ ಅದು 96 ಕಿಲೋಹರ್ಟ್ಸ್. ಆರೋಗ್ಯವಂತ ಎಳೆಯ ಕಿವಿಯ ಮೇಲಿನ ಮಿತಿ ಸುಮಾರು 20 ಕಿಲೋಹರ್ಟ್ಸ್, ನಡುವಯಸ್ಸಿನ ಹೊತ್ತಿಗೆ 15-16 ಕಿಲೋಹರ್ಟ್ಸ್‌ಗಿಂತ ಮೇಲಿನದು ಬಹುಮಂದಿಗೆ ಕೇಳಿಸುವುದಿಲ್ಲ. ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು 1980ರಲ್ಲಿ ಸಿಡಿಯ ಮಾನಕವನ್ನು ಗೊತ್ತುಪಡಿಸಿದಾಗ ಈ 20 ಕಿಲೋಹರ್ಟ್ಸ್ ಮಿತಿಯನ್ನೇ ಗುರಿಯಾಗಿಟ್ಟುಕೊಂಡಿದ್ದವು. 44,100 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂಬ ಕುತೂಹಲ ನಿಮಗಿದ್ದರೆ, ಆಗ ಡಿಜಿಟಲ್ ಧ್ವನಿಯನ್ನು ವೀಡಿಯೋ ಟೇಪಿನ ಮೇಲೆ ಚಿತ್ರದ ಗೆರೆಗಳ ರೂಪದಲ್ಲಿ ಬರೆಯುತ್ತಿದ್ದರು. ಸೆಕೆಂಡಿಗೆ 60 ಫೀಲ್ಡ್‌ಗಳ (ಅರ್ಧ ಚಿತ್ರಗಳ) ವೀಡಿಯೋ ಪದ್ಧತಿಯಲ್ಲಿ ಫೀಲ್ಡಿಗೆ 245 ಗೆರೆ, ಗೆರೆಗೆ 3 ಸ್ಯಾಂಪಲ್ ಎಂದು ಗುಣಿಸಿದರೂ, 50 ಫೀಲ್ಡ್‌ಗಳ ಪದ್ಧತಿಯಲ್ಲಿ 294 ಗೆರೆ, 3 ಸ್ಯಾಂಪಲ್ ಎಂದು ಗುಣಿಸಿದರೂ ಬರುವುದು 44,100 ಎಂಬ ಒಂದೇ ಉತ್ತರ.

ವಾದ್ಯಗಳಿಂದ 20 ಕಿಲೋಹರ್ಟ್ಸ್ ಮೀರಿದ ಧ್ವನಿ ಹೊರಡುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಖಂಡಿತ ಹೊರಡುತ್ತದೆ. ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಬಾಯ್ಕ್ ಅಳೆದು ನೋಡಿದಾಗ, ಬಲವಾಗಿ ಹೊಡೆದ ಸಿಂಬಲ್ ಎಂಬ ತಟ್ಟೆಯಾಕಾರದ ತಾಳವಾದ್ಯದ ಶಕ್ತಿಯಲ್ಲಿ ಸುಮಾರು 40 ಪ್ರತಿಶತ 20 ಕಿಲೋಹರ್ಟ್ಸ್‌ಗಿಂತ ಮೇಲೆ ಇತ್ತು. ಹೊರಡುವುದು ನಿಜ, ಆದರೆ ಅದು ಕೇಳುವವನಿಗೆ ತಲುಪುತ್ತದೆಯೇ ಎಂಬುದು ಬೇರೆ ಪ್ರಶ್ನೆ. 2000ದಲ್ಲಿ ಜಪಾನಿನ ತ್ಸುತೋಮು ಓಹಾಶಿ ಮತ್ತು ಸಂಗಡಿಗರು ಬಾಲಿ ದ್ವೀಪದ ಗ್ಯಾಮೆಲಾನ್ ವಾದ್ಯಮೇಳದ ಧ್ವನಿಯನ್ನು ಬಳಸಿ, ಕೇಳಿಸದ ಉಚ್ಚ ಕಂಪನಾಂಕಗಳು ಕೇಳಿಸುವ ಧ್ವನಿಯ ಜೊತೆಗೂಡಿದಾಗ ಮಿದುಳಿನ ಚಟುವಟಿಕೆ ಬದಲಾಗುತ್ತದೆ ಎಂದು ವರದಿ ಮಾಡಿದರು. ಈ ಪ್ರಯೋಗವನ್ನು ಹೈ-ರೆಸ್ ಪರವಾಗಿ ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. ಅದನ್ನು ತಳ್ಳಿಹಾಕಬೇಕಿಲ್ಲ, ಆದರೆ ಇನ್ನೊಂದು ಜಪಾನೀ ಪ್ರಯೋಗದ ಫಲಿತಾಂಶವನ್ನೂ ಅದರ ಪಕ್ಕದಲ್ಲಿ ಇಟ್ಟು ನೋಡಬೇಕು. ಆ ಪ್ರಯೋಗದಲ್ಲಿ ಕೇಳಿಸುವ ಸ್ವರವನ್ನೂ ಶ್ರವಣಾತೀತ ಸ್ವರಗಳನ್ನೂ ಒಂದೇ ಸ್ಪೀಕರಿನಿಂದ ನುಡಿಸಿದಾಗ ಕೇಳುಗರು ವ್ಯತ್ಯಾಸವನ್ನು ಗುರುತಿಸಿದರು. ಅವೇ ಸ್ವರಗಳನ್ನು ಬೇರೆ ಬೇರೆ ಸ್ಪೀಕರುಗಳಿಗೆ ಹಂಚಿದಾಗ ಯಾರಿಗೂ ಗುರುತಿಸಲಾಗಲಿಲ್ಲ. ಇದರ ಅರ್ಥ ಸ್ಪಷ್ಟವಾಗಿದೆ. ಸ್ಪೀಕರು ಅಥವಾ ಆಂಪ್ಲಿಫೈಯರು ಎರಡು ಎತ್ತರದ ಕಂಪನಾಂಕಗಳನ್ನು ಒಟ್ಟಿಗೆ ನಿಭಾಯಿಸುವಾಗ ಅವುಗಳ ವ್ಯತ್ಯಾಸಕ್ಕೆ ಸಮನಾದ, ಮೂಲದಲ್ಲಿಲ್ಲದ ಹೊಸ ಕಂಪನವೊಂದು ಹುಟ್ಟಬಹುದು. 30 ಮತ್ತು 33 ಕಿಲೋಹರ್ಟ್ಸ್‌ಗಳು ಸೇರಿ 3 ಕಿಲೋಹರ್ಟ್ಸ್‌ನ ಕೇಳಿಸುವ ಕಲಬೆರಕೆಯನ್ನು ಉಂಟುಮಾಡಬಹುದು. ಹಾಗೆ ಕೇಳಿಸಿದ ವ್ಯತ್ಯಾಸ ಸುಧಾರಣೆಯಲ್ಲ, ಹೊಸದಾಗಿ ಸೇರಿಕೊಂಡ ದೋಷ.

ಕಾಲದ ಸೂಕ್ಷ್ಮತೆಯ ಬಗ್ಗೆ ಒಂದು ವಾದವಿದೆ. ಸಿಡಿಯಲ್ಲಿ ಎರಡು ಸ್ಯಾಂಪಲ್‌ಗಳ ನಡುವಿನ ಅಂತರ ಸುಮಾರು 22.7 ಮೈಕ್ರೋಸೆಕೆಂಡ್, ಎರಡು ಕಿವಿಗಳ ನಡುವೆ 10 ಮೈಕ್ರೋಸೆಕೆಂಡಿನಷ್ಟು ಚಿಕ್ಕ ಕಾಲವ್ಯತ್ಯಾಸವನ್ನೂ ಮನುಷ್ಯ ಗುರುತಿಸಬಲ್ಲ, ಹಾಗಾಗಿ ಸಿಡಿ ಸಾಲದು ಎನ್ನುತ್ತಾರೆ. ಕೇಳಲು ಸರಿಯೆನಿಸುವ ಈ ವಾದವೂ ಮೆಟ್ಟಿಲಿನ ಕಲ್ಪನೆಯ ಮೇಲೆಯೇ ನಿಂತಿದೆ. ಒಂದು ಅಲೆ ಎರಡು ಸ್ಯಾಂಪಲ್‌ಗಳ ನಡುವಿನ ಯಾವ ಕ್ಷಣದಲ್ಲಿ ಶುರುವಾದರೂ, ಆ ಸ್ಥಾನಪಲ್ಲಟ ಸುತ್ತಲಿನ ಸ್ಯಾಂಪಲ್‌ಗಳ ಎತ್ತರಗಳಲ್ಲಿ ದಾಖಲಾಗಿರುತ್ತದೆ. 16 ಬಿಟ್‌ಗಳ ನಿಖರತೆಯಲ್ಲಿ ಹೀಗೆ ಹಿಡಿದಿಡಬಹುದಾದ ಕಾಲವ್ಯತ್ಯಾಸ ಕಿವಿಯ ಮಿತಿಗಿಂತ ಸಾವಿರಾರು ಪಟ್ಟು ಚಿಕ್ಕದು.

ಇನ್ನು ಬಿಟ್‌ಗಳು. 16 ಬಿಟ್ ಎಂದರೆ ಅಲೆಯ ಎತ್ತರವನ್ನು ಬರೆಯಲು 65,536 ಹಂತಗಳು, 24 ಬಿಟ್ ಎಂದರೆ 1,67,77,216 ಹಂತಗಳು. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟರೆ ಸಿಡಿ ಬಡವಾಗಿ ಕಾಣುವುದು ಸಹಜ. ಆದರೆ ಹಂತಗಳ ಸಂಖ್ಯೆ ನಿರ್ಧರಿಸುವುದು ಒಂದೇ ಒಂದನ್ನು: ಧ್ವನಿಯ ಅಡಿಯಲ್ಲಿ ಉಳಿಯುವ ಗದ್ದಲ ಎಷ್ಟು ಕೆಳಗಿರುತ್ತದೆ ಎಂಬುದನ್ನು. 16 ಬಿಟ್‌ಗೆ ಅತಿ ಜೋರಿನ ಧ್ವನಿಗೂ ಈ ಗದ್ದಲಕ್ಕೂ ನಡುವೆ ಸುಮಾರು 96 ಡೆಸಿಬೆಲ್ ಅಂತರವಿರುತ್ತದೆ, 24 ಬಿಟ್‌ಗೆ ಲೆಕ್ಕದ ಪ್ರಕಾರ 144 ಡೆಸಿಬೆಲ್. ಹಂತಗಳ ನಡುವೆ ಬಿದ್ದ ಸೂಕ್ಷ್ಮ ಧ್ವನಿ ಕಳೆದುಹೋಗುತ್ತದೆ ಎಂಬ ಹೆದರಿಕೆಗೆ ಪರಿಹಾರ ಹಳೆಯದು. ಧ್ವನಿಯನ್ನು 16 ಬಿಟ್‌ಗೆ ಇಳಿಸುವ ಮುನ್ನ ಡಿದರ್ ಎಂಬ ಅತಿ ಕ್ಷೀಣವಾದ ಗೊತ್ತುಗುರಿಯಿಲ್ಲದ ಗದ್ದಲವನ್ನು ಬೇಕೆಂದೇ ಬೆರೆಸುತ್ತಾರೆ. ಆಗ ಹಂತಗಳಿಂದ ಹುಟ್ಟಬೇಕಿದ್ದ ವಿಕೃತಿ ಪೂರ್ತಿಯಾಗಿ ಮಾಯವಾಗಿ, ಅದರ ಜಾಗದಲ್ಲಿ ಸಂಗೀತಕ್ಕೆ ಯಾವ ಸಂಬಂಧವೂ ಇಲ್ಲದ ಸಮನಾದ ಸಣ್ಣ ಮರ್ಮರ ಉಳಿಯುತ್ತದೆ, ಮತ್ತು ಅತಿ ಕೆಳಗಿನ ಹಂತಕ್ಕಿಂತಲೂ ಚಿಕ್ಕದಾದ ಸ್ವರವೂ ಆ ಮರ್ಮರದೊಳಗೆ ಕೇಳಿಸುವಂತೆ ಉಳಿಯುತ್ತದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಲಿಪ್‌ಶಿಟ್ಸ್ ಮತ್ತು ಜಾನ್ ವಾಂಡರ್‌ಕೂಯ್ 1980ರ ದಶಕದಲ್ಲಿ ಇದರ ಗಣಿತವನ್ನು ಬಿಡಿಸಿ ತೋರಿಸಿದರು. ಡಿಜಿಟಲ್ ಧ್ವನಿಯ ಇಡೀ ಚರಿತ್ರೆಯಲ್ಲಿ ಇಷ್ಟು ಸುಂದರವಾದ, ಇಷ್ಟು ಕಡಿಮೆ ಜನರಿಗೆ ತಿಳಿದಿರುವ ಉಪಾಯ ಇನ್ನೊಂದಿಲ್ಲ ಎಂದು ನನಗನಿಸುತ್ತದೆ. ಉಳಿದ ಆ ಮರ್ಮರವನ್ನೂ ಕಿವಿ ಅಷ್ಟಾಗಿ ಗಮನಿಸದ ಅತ್ಯುಚ್ಚ ಕಂಪನಾಂಕಗಳ ಕಡೆಗೆ ಸರಿಸಬಹುದು. ಹಾಗೆ ಮಾಡಿದಾಗ ಕಿವಿಯ ಪಾಲಿಗೆ ಸಿಡಿಯ ವ್ಯಾಪ್ತಿ 96 ಡೆಸಿಬೆಲ್‌ಗಿಂತಲೂ ಸಾಕಷ್ಟು ಹೆಚ್ಚಾಗುತ್ತದೆ.

ಈ ಅಂಕಿಗಳನ್ನು ನೀವು ಕುಳಿತು ಕೇಳುವ ಕೋಣೆಗೆ ಅನ್ವಯಿಸಿ ನೋಡಿ. ಸದ್ದಿಲ್ಲದ ಕೋಣೆಯಲ್ಲೂ ಸುಮಾರು 30 ಡೆಸಿಬೆಲ್‌ನಷ್ಟು ಹಿನ್ನೆಲೆ ಸದ್ದು ಇದ್ದೇ ಇರುತ್ತದೆ. ಸಿಡಿಯ ಗದ್ದಲವನ್ನು ಆ ಮಟ್ಟಕ್ಕೆ ಏರಿಸಬೇಕಾದರೆ ಸಂಗೀತದ ಅತಿ ಜೋರಿನ ಭಾಗಗಳು 120 ಡೆಸಿಬೆಲ್ ದಾಟಬೇಕಾಗುತ್ತದೆ. ಅದು ಕಿವಿ ನೋಯುವ ಮಟ್ಟ. 24 ಬಿಟ್‌ನ 144 ಡೆಸಿಬೆಲ್ ವ್ಯಾಪ್ತಿಯನ್ನಂತೂ ಯಾವ ಆಂಪ್ಲಿಫೈಯರೂ ಯಾವ ಡ್ಯಾಕ್ ಕೂಡ ಪೂರ್ತಿಯಾಗಿ ಮುಟ್ಟುವುದಿಲ್ಲ, ಏಕೆಂದರೆ ವಿದ್ಯುತ್ ಮಂಡಲಗಳ ಉಷ್ಣದ ಗದ್ದಲವೇ ಅದಕ್ಕಿಂತ ಮೇಲಿರುತ್ತದೆ. ಅತ್ಯುತ್ತಮ ಡ್ಯಾಕ್‌ಗಳಿಗೂ ನಿಜವಾಗಿ ದಕ್ಕುವುದು ಸುಮಾರು 20-21 ಬಿಟ್‌ಗಳಷ್ಟು. ಹಳೆಯ ಅನಲಾಗ್ ಟೇಪುಗಳಿಂದ ತಯಾರಾದ ಹೈ-ರೆಸ್ ಆವೃತ್ತಿಗಳ ವಿಷಯದಲ್ಲಿ ಈ ಅಸಂಗತಿ ಇನ್ನೂ ಹೆಚ್ಚು. ಗದ್ದಲ ತಗ್ಗಿಸುವ ವ್ಯವಸ್ಥೆಯಿಲ್ಲದ ಸ್ಟುಡಿಯೋ ಟೇಪಿನ ವ್ಯಾಪ್ತಿ 60ರಿಂದ 70 ಡೆಸಿಬೆಲ್, ಅಂದರೆ 11-12 ಬಿಟ್‌ಗಳಿಗೆ ಸಮ. ಅಂಥ ಟೇಪನ್ನು 24 ಬಿಟ್‌ನಲ್ಲಿ ದಾಖಲಿಸಿದಾಗ ಕೆಳಗಿನ ಬಿಟ್‌ಗಳಲ್ಲಿ ಉಳಿಯುವುದು ಟೇಪಿನ ಸರಸರ ಸದ್ದಿನ ನಿಖರವಾದ ಪ್ರತಿ ಮಾತ್ರ.

ಹಾಗಾದರೆ ಸ್ಟುಡಿಯೋಗಳಲ್ಲಿ 24 ಬಿಟ್ ಏಕೆ ಬಳಸುತ್ತಾರೆ ಎಂದು ನೀವು ಕೇಳಬಹುದು. ಅಲ್ಲಿ ಅದು ಬೇಕೇ ಬೇಕು. ಗಾಯಕರು ಯಾವ ಕ್ಷಣದಲ್ಲಿ ದನಿ ಏರಿಸುತ್ತಾರೆಂದು ಮೊದಲೇ ಗೊತ್ತಿರುವುದಿಲ್ಲ, ಆದ್ದರಿಂದ ಮಟ್ಟವನ್ನು 15-20 ಡೆಸಿಬೆಲ್ ಕೆಳಗಿಟ್ಟು ಮುದ್ರಿಸುತ್ತಾರೆ. ಆಮೇಲೆ ಹತ್ತಾರು ಟ್ರ್ಯಾಕ್‌ಗಳನ್ನು ಏರಿಸಿ, ಇಳಿಸಿ, ಬೆರೆಸುವಾಗ ಪ್ರತಿ ಹೆಜ್ಜೆಯ ಗದ್ದಲವೂ ಕೂಡುತ್ತ ಹೋಗುತ್ತದೆ. ಹೆಚ್ಚಿನ ಸ್ಯಾಂಪ್ಲಿಂಗ್ ದರವೂ ಅಲ್ಲಿ ಉಪಯುಕ್ತ, ಏಕೆಂದರೆ ಧ್ವನಿಯನ್ನು ಬೇಕೆಂದೇ ಒರಟಾಗಿಸುವ ಡಿಸ್ಟಾರ್ಷನ್, ಜೋರು-ಮೆಲುಗಳ ಅಂತರ ತಗ್ಗಿಸುವ ಕಂಪ್ರೆಷನ್‌ನಂಥ ಸಂಸ್ಕರಣೆಗಳು ಹುಟ್ಟಿಸುವ ಉಚ್ಚ ಕಂಪನಾಂಕಗಳು ಮಿತಿಗೆ ತಾಗಿ ಕೆಳಗೆ ಮಡಚಿಕೊಂಡು ಬರುವುದನ್ನು ಅದು ತಪ್ಪಿಸುತ್ತದೆ. ಕೆಲಸ ಮುಗಿದ ಮೇಲೆ ಕೇಳುಗನಿಗೆ ಈ ಹೆಚ್ಚುವರಿ ಜಾಗದ ಅಗತ್ಯವಿಲ್ಲ.

ಹೆಚ್ಚಿನ ಸ್ಯಾಂಪ್ಲಿಂಗ್ ದರದ ಪರವಾಗಿ ನಾನು ಗೌರವದಿಂದ ಪರಿಗಣಿಸುವ ವಾದ ಒಂದೇ. ಅದು ಫಿಲ್ಟರಿಗೆ ಸಂಬಂಧಿಸಿದ್ದು. 44.1 ಕಿಲೋಹರ್ಟ್ಸ್‌ನಲ್ಲಿ, 20 ಕಿಲೋಹರ್ಟ್ಸ್‌ವರೆಗಿನದೆಲ್ಲವನ್ನೂ ಮುಟ್ಟದೆ ಬಿಟ್ಟು 22.05ಕ್ಕಿಂತ ಮೇಲಿನದನ್ನೆಲ್ಲ ತಡೆಯಬೇಕು. ಎರಡರ ನಡುವಿನ ಜಾಗ ಬಹಳ ಕಿರಿದು. 1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂದಾಗ ಕೆಲವು ಪ್ಲೇಯರುಗಳು ಇದನ್ನು ಕಡಿದಾದ ಅನಲಾಗ್ ಫಿಲ್ಟರುಗಳಿಂದ ಸಾಧಿಸುತ್ತಿದ್ದವು, ಮತ್ತು ಅವು ಕೇಳಿಸುವ ಎತ್ತರದ ಸ್ವರಗಳ ಕಾಲಕ್ರಮವನ್ನೂ ಸ್ವಲ್ಪ ಕದಡುತ್ತಿದ್ದವು. ಸಿಡಿಯ ಧ್ವನಿ ಗಡುಸು ಎಂಬ ಅಂದಿನ ದೂರಿನಲ್ಲಿ ಒಂದಿಷ್ಟು ನಿಜವಿದ್ದಿರಬಹುದು. ಆದರೆ ಫಿಲಿಪ್ಸ್ ತನ್ನ ಮೊದಲ ಪ್ಲೇಯರಿನಲ್ಲೇ ಸ್ಯಾಂಪ್ಲಿಂಗ್ ದರವನ್ನು ಒಳಗೇ ನಾಲ್ಕು ಪಟ್ಟು ಏರಿಸಿ ಈ ಕೆಲಸವನ್ನು ಡಿಜಿಟಲ್ ಫಿಲ್ಟರಿಗೆ ವಹಿಸಿತ್ತು. ಕೆಲವೇ ವರ್ಷಗಳಲ್ಲಿ ಓವರ್‌ಸ್ಯಾಂಪ್ಲಿಂಗ್ ಎಂಬ ಈ ವಿಧಾನ ಎಲ್ಲೆಡೆ ಬಂತು. ಇಂದಿನ ಡ್ಯಾಕ್‌ಗಳಲ್ಲಿ ಉಳಿದಿರುವುದು, ಚುರುಕಾದ ಸದ್ದಿನ ಹಿಂದುಮುಂದೆ 22 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಉಂಟಾಗುವ ಸಣ್ಣ ಅನುರಣನ ಮಾತ್ರ. ಅದು ಕೇಳಿಸುವ ಮಿತಿಯ ಆಚೆಗಿದೆ. ತೀರ ಎಳೆಯ, ತೀರ ಚುರುಕಾದ ಕಿವಿಗಳ ಮಟ್ಟಿಗೆ ಇದು ಪೂರ್ತಿ ಮುಚ್ಚಿದ ಪ್ರಶ್ನೆಯಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಅದಕ್ಕೂ 48 ಅಥವಾ 96 ಕಿಲೋಹರ್ಟ್ಸ್ ಧಾರಾಳ, 192ರ ಅಗತ್ಯವೇ ಇಲ್ಲ.

ಲೆಕ್ಕಾಚಾರವೆಲ್ಲ ಸರಿ, ಕೇಳುಗರು ಏನು ಹೇಳಿದ್ದಾರೆ ಎಂಬುದು ಮುಖ್ಯ. ಬೋಸ್ಟನ್ ಆಡಿಯೋ ಸೊಸೈಟಿಯ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆ ಸರಳವೂ ನೇರವೂ ಆಗಿತ್ತು. ಎಸ್‌ಎಸಿಡಿ ಮತ್ತು ಡಿವಿಡಿ-ಆಡಿಯೋ ಡಿಸ್ಕುಗಳ ಹೈ-ರೆಸ್ ಧ್ವನಿಯನ್ನು ಒಮ್ಮೆ ಹಾಗೆಯೇ ನುಡಿಸಿದರು, ಇನ್ನೊಮ್ಮೆ 16 ಬಿಟ್, 44.1 ಕಿಲೋಹರ್ಟ್ಸ್‌ಗೆ ಇಳಿಸಿ ಮತ್ತೆ ಅನಲಾಗ್ ಮಾಡುವ ಯಂತ್ರದ ಮೂಲಕ ಹಾಯಿಸಿ ನುಡಿಸಿದರು. ಯಾವುದು ಯಾವುದೆಂದು ಕೇಳುಗರಿಗೆ ತಿಳಿಸಲಿಲ್ಲ. 554 ಯತ್ನಗಳಲ್ಲಿ ಸರಿಯುತ್ತರ ಬಂದದ್ದು 276 ಬಾರಿ, ಅಂದರೆ ನಾಣ್ಯ ಚಿಮ್ಮಿ ಹೇಳಿದರೂ ಬರುವಷ್ಟು. ಸಂಗೀತದ ಅತಿ ಮೆಲುವಾದ ಭಾಗದಲ್ಲಿ ಧ್ವನಿಯನ್ನು ವಿಪರೀತ ಏರಿಸಿದಾಗ ಮಾತ್ರ 16 ಬಿಟ್‌ನ ಗದ್ದಲ ಕೇಳಿಸಿತು. ಈ ಪರೀಕ್ಷೆಗೆ ಬಳಸಿದ ಡಿಸ್ಕುಗಳಲ್ಲಿ ಕೆಲವು ಹಳೆಯ ಮುದ್ರಣಗಳಿಂದ ಬಂದವು, ಅವುಗಳಲ್ಲಿ ಹೈ-ರೆಸ್ ಎನ್ನುವಂಥದ್ದು ಇದ್ದಿರಲಿಕ್ಕಿಲ್ಲ ಎಂಬ ಆಕ್ಷೇಪ ಬಂತು, ಅದು ನ್ಯಾಯವಾದದ್ದೇ.

ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ 2016ರಲ್ಲಿ ಇಂಥ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದರು. 400ಕ್ಕೂ ಹೆಚ್ಚು ಕೇಳುಗರು, 12,500ಕ್ಕೂ ಹೆಚ್ಚು ಯತ್ನಗಳು. ಒಟ್ಟು ಸರಿಯುತ್ತರ 52.3 ಪ್ರತಿಶತ, ಏನನ್ನು ಆಲಿಸಬೇಕೆಂದು ಮೊದಲೇ ತರಬೇತಿ ಪಡೆದವರಲ್ಲಿ ಅದು ಸುಮಾರು 62 ಪ್ರತಿಶತ. ಹೈ-ರೆಸ್ ಮಾರುವವರು ಇದನ್ನು ವಿಜಯವೆಂದು ಘೋಷಿಸಿದರು, ವಿರೋಧಿಸುವವರು ಇದರಲ್ಲಿ ಏನೂ ಇಲ್ಲವೆಂದು ಕೈಬಿಟ್ಟರು. ಎರಡೂ ಸರಿಯಲ್ಲ. ಅಷ್ಟು ಯತ್ನಗಳ ಮೇಲೆ ಬಂದ 52.3 ಬರೀ ಆಕಸ್ಮಿಕವಲ್ಲ. ಕೆಲವು ಕೇಳುಗರಿಗೆ, ಕೆಲವು ಸಂದರ್ಭಗಳಲ್ಲಿ, ಏನೋ ಕೇಳಿಸಿದೆ. ಆ ಏನೋ ಎಂಬುದು ಹೆಚ್ಚಿನ ಕಂಪನಾಂಕವೋ, ಫಿಲ್ಟರಿನ ಗುಣವೋ, ಉಪಕರಣದ ಕಲಬೆರಕೆಯೋ ಎಂಬುದನ್ನು ಆ ವಿಶ್ಲೇಷಣೆ ಬಿಡಿಸಿ ಹೇಳಲಾರದು. ಆದರೆ ಪರೀಕ್ಷೆಗಾಗಿಯೇ ಕುಳಿತು, ಚಿಕ್ಕ ತುಣುಕುಗಳನ್ನು ಮತ್ತೆ ಮತ್ತೆ ಹೋಲಿಸಿ, ನೂರರಲ್ಲಿ ಎರಡು ಮೂರು ಬಾರಿ ಊಹೆಯನ್ನು ಮೀರಿಸುವ ವ್ಯತ್ಯಾಸಕ್ಕೂ ನೀವು ವರ್ಣಿಸಿದ, ಆಲ್ಬಮ್ ಹಾಕಿದೊಡನೆ ಕೇಳಿಸಿದ ಸ್ಪಷ್ಟತೆಗೂ ಸಂಬಂಧವಿಲ್ಲ ಎಂಬುದನ್ನು ನಾನು ದೃಢವಾಗಿ ಹೇಳಬಲ್ಲೆ.

ನಿಮಗೆ ಕೇಳಿಸಿದ್ದರ ಮೂಲ ಬೇರೆ ಕಡೆಯಿದೆ, ಮತ್ತು ಅದರ ಸುಳಿವು ಮೇಯರ್ ಮತ್ತು ಮೊರಾನ್ ಅವರ ಪ್ರಬಂಧದಲ್ಲೇ ಸಿಗುತ್ತದೆ. ತಾವು ಬಳಸಿದ ಹೈ-ರೆಸ್ ಡಿಸ್ಕುಗಳು ಸಾಮಾನ್ಯ ಸಿಡಿಗಳಿಗಿಂತ ಚೆನ್ನಾಗಿ ಕೇಳುತ್ತಿದ್ದವು, ಸಿಡಿ ಗುಣಮಟ್ಟಕ್ಕೆ ಇಳಿಸಿದ ಮೇಲೂ ಹಾಗೆಯೇ ಚೆನ್ನಾಗಿ ಕೇಳುತ್ತಿದ್ದವು ಎಂದು ಅವರು ಬರೆದಿದ್ದಾರೆ. ಕಾರಣ ಮಾಸ್ಟರಿಂಗ್. 1990ರ ದಶಕದಿಂದ ಮುಂದಕ್ಕೆ ಅನೇಕ ಸಿಡಿಗಳನ್ನು ಬೇರೆಲ್ಲರಿಗಿಂತ ಜೋರಾಗಿ ಕೇಳಿಸಬೇಕೆಂಬ ಪೈಪೋಟಿಯಲ್ಲಿ ತಯಾರಿಸಿದರು. ಮೆಲುದನಿಯನ್ನು ಏರಿಸಿ, ಜೋರಿನ ತುದಿಗಳನ್ನು ಒತ್ತಿ, ಎಷ್ಟೋ ಕಡೆ ಕತ್ತರಿಸಿಯೇ ಹಾಕಿ, ಇಡೀ ಹಾಡನ್ನು ಒಂದೇ ಮಟ್ಟಕ್ಕೆ ತಂದರು. 96 ಡೆಸಿಬೆಲ್ ವ್ಯಾಪ್ತಿಯಿರುವ ಮಾಧ್ಯಮದಲ್ಲಿ ಕೆಲವೇ ಡೆಸಿಬೆಲ್‌ಗಳನ್ನು ಬಳಸಿದ ಈ ಕೆಲಸ ನನ್ನನ್ನು ಇಂದಿಗೂ ನೋಯಿಸುತ್ತದೆ, ಏಕೆಂದರೆ ಅದರ ಅಪಕೀರ್ತಿಯನ್ನು ಹೊತ್ತದ್ದು ಏನೂ ತಪ್ಪು ಮಾಡದ ಸಿಡಿ. ಹೈ-ರೆಸ್ ಆವೃತ್ತಿ ಹೊರತರುವಾಗ ಗಮನವಿಟ್ಟು ಕೇಳುವವರಿಗೇ ಅದನ್ನು ಮಾರುವುದೆಂದು ಗೊತ್ತಿರುವುದರಿಂದ, ಕೆಲವರು ಮೂಲ ಟೇಪಿಗೆ ಮರಳಿ ಹೋಗಿ ಹೊಸದಾಗಿ, ಸಂಯಮದಿಂದ ಮಾಸ್ಟರಿಂಗ್ ಮಾಡುತ್ತಾರೆ. ನೀವು ಹಣ ಕೊಟ್ಟದ್ದು ಆ ಕೆಲಸಕ್ಕೆ ಎಂದಾದರೆ ಆ ಹಣ ವ್ಯರ್ಥವಾಗಿಲ್ಲ.

ಇನ್ನೊಂದು ಕಾರಣ ಸದ್ದಿನ ಮಟ್ಟ. ಎರಡು ಆವೃತ್ತಿಗಳಲ್ಲಿ ಒಂದು ಅರ್ಧ ಡೆಸಿಬೆಲ್‌ನಷ್ಟು ಜೋರಾಗಿದ್ದರೂ ಕಿವಿ ಅದನ್ನು ಜೋರು ಎಂದು ಗ್ರಹಿಸದೆ ಹೆಚ್ಚು ಸ್ಪಷ್ಟ, ಹೆಚ್ಚು ತುಂಬಿದ ಧ್ವನಿ ಎಂದು ಗ್ರಹಿಸುತ್ತದೆ. ಇದರ ಮೇಲೆ, ಯಾವುದು ದುಬಾರಿಯ ಫೈಲೆಂದು ಮೊದಲೇ ತಿಳಿದಿರುವ ಮನಸ್ಸು ತನ್ನ ಪಾಲನ್ನೂ ಸೇರಿಸುತ್ತದೆ. ಇದು ನಿಮ್ಮ ಕಿವಿಯ ದೌರ್ಬಲ್ಯವಲ್ಲ. ಎಷ್ಟೇ ಅನುಭವವಿರುವ ಎಂಜಿನಿಯರೂ ಇದರಿಂದ ತಪ್ಪಿಸಿಕೊಳ್ಳಲಾರರು.

ಆದ್ದರಿಂದ ನನ್ನ ಮಾತನ್ನೂ ನಂಬಬೇಡಿ, ನೀವೇ ಪರೀಕ್ಷಿಸಿ. ಆದರೆ ಹಳೆಯ ಸಿಡಿಯನ್ನೂ ಹೊಸ ಫೈಲನ್ನೂ ಹೋಲಿಸುವುದರಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಅವು ಎರಡು ಬೇರೆ ಮಾಸ್ಟರುಗಳು. ಹೊಸ ಹೈ-ರೆಸ್ ಫೈಲನ್ನೇ ತೆಗೆದುಕೊಂಡು, ಅದರ ಮಟ್ಟವನ್ನು ಮೂರು ಡೆಸಿಬೆಲ್‌ನಷ್ಟು ತಗ್ಗಿಸಿ ಒಂದು ಪ್ರತಿ ಮಾಡಿಟ್ಟುಕೊಳ್ಳಿ. ದರ ಬದಲಿಸುವಾಗ ಅಲೆಯ ತುದಿಗಳು ಮಿತಿ ಮೀರಿ ಕತ್ತರಿಸಿಹೋಗದಿರಲೆಂದು ಈ ಎಚ್ಚರಿಕೆ. ಆ ಪ್ರತಿಯನ್ನು ಒಳ್ಳೆಯ ಸಾಫ್ಟ್‌ವೇರಿನಲ್ಲಿ ಡಿದರ್ ಸಹಿತ 16 ಬಿಟ್, 44.1 ಕಿಲೋಹರ್ಟ್ಸ್‌ಗೆ ಇಳಿಸಿ, ಅನಂತರ ಮತ್ತೆ ಮೊದಲಿನ 24 ಬಿಟ್, 192 ಕಿಲೋಹರ್ಟ್ಸ್ ರೂಪಕ್ಕೆ ಏರಿಸಿ. ಹೀಗೆ ಏರಿಸಿದಾಗ ಕಳೆದುಹೋದದ್ದು ಮರಳಿ ಬರುವುದಿಲ್ಲ, ಆದರೆ ಎರಡೂ ಫೈಲುಗಳು ಒಂದೇ ದರದಲ್ಲಿ ನುಡಿಯುತ್ತವೆ. ಇಲ್ಲವಾದರೆ ದರ ಬದಲಾದಾಗ ಡ್ಯಾಕ್ ಮಾಡುವ ಸಣ್ಣ ಕಟಕ್ ಸದ್ದು ಅಥವಾ ಕ್ಷಣದ ಮೌನವೇ ಯಾವುದು ಯಾವುದೆಂದು ನಿಮಗೆ ಹೇಳಿಬಿಡುತ್ತದೆ. ಮಟ್ಟ ತಗ್ಗಿಸಿದ ಪ್ರತಿ ಮತ್ತು ಹೀಗೆ ಇಳಿಸಿ ಏರಿಸಿದ ಫೈಲು, ಈ ಎರಡನ್ನೂ ಫೂಬಾರ್2000ನಂಥ ಪ್ಲೇಯರಿನ ಎಬಿಎಕ್ಸ್ ಸೌಲಭ್ಯಕ್ಕೆ ಕೊಡಿ. ಅದು ಎರಡರಲ್ಲಿ ಒಂದನ್ನು ಗುಟ್ಟಾಗಿ ಆರಿಸಿ ಕೇಳಿಸುತ್ತದೆ, ಅದು ಯಾವುದೆಂದು ನೀವು ಹೇಳಬೇಕು. 16 ಯತ್ನಗಳನ್ನು ಮಾಡಿ. ಬರೀ ಊಹೆಯಿಂದ 12 ಅಥವಾ ಅದಕ್ಕಿಂತ ಹೆಚ್ಚು ಸರಿಯುತ್ತರ ಬರುವ ಸಂಭವ ನೂರರಲ್ಲಿ ನಾಲ್ಕಕ್ಕಿಂತ ಕಡಿಮೆ. ಹಾಗಾಗಿ 12 ಮುಟ್ಟಿದರೆ, ಇನ್ನೊಂದು ದಿನ ಮತ್ತೆ ಮಾಡಿದಾಗಲೂ ಮುಟ್ಟಿದರೆ, ನಿಮಗೆ ನಿಜವಾಗಿಯೂ ವ್ಯತ್ಯಾಸ ಕೇಳಿಸುತ್ತಿದೆ ಎಂದು ತಿಳಿಯಬಹುದು. ಸಿಡಿಗಿಳಿಸಿದ ಪ್ರತಿಯಲ್ಲೂ ನೀವು ಮೆಚ್ಚಿದ ಸ್ಪಷ್ಟತೆ ಹಾಗೆಯೇ ಉಳಿದಿದ್ದರೆ, ಅದು ಮಾಸ್ಟರಿಂಗಿನ ಗುಣ. ಹೀಗೇ ಆಗುತ್ತದೆಂದು ನನ್ನ ನಿರೀಕ್ಷೆ.

ಹಾಗೆಯೇ ಆ ಹೈ-ರೆಸ್ ಫೈಲಿನ ಸ್ಪೆಕ್ಟ್ರಮ್ಮನ್ನೂ, ಅಂದರೆ ಯಾವ ಕಂಪನಾಂಕದಲ್ಲಿ ಎಷ್ಟು ಧ್ವನಿಯಿದೆ ಎಂಬ ಚಿತ್ರವನ್ನೂ ಒಮ್ಮೆ ನೋಡಿ. ಆಡಾಸಿಟಿ ಅಥವಾ ಸ್ಪೆಕ್ ಎಂಬ ಉಚಿತ ಸಾಫ್ಟ್‌ವೇರುಗಳು ಇದನ್ನು ಬಿಡಿಸಿ ತೋರಿಸುತ್ತವೆ. 22 ಕಿಲೋಹರ್ಟ್ಸ್ ಹತ್ತಿರ ಎಲ್ಲವೂ ಗೋಡೆ ಕಟ್ಟಿದಂತೆ ಒಮ್ಮೆಲೇ ನಿಂತುಹೋಗಿದ್ದರೆ, ಸಿಡಿ ದರದ ಮುದ್ರಣವನ್ನೇ ಏರಿಸಿ ಹೈ-ರೆಸ್ ಎಂದು ಮಾರಿದ್ದಾರೆ ಎಂದು ಶಂಕಿಸಲು ಕಾರಣವಿದೆ. ಮೇಲೆ ಏನಾದರೂ ಕಂಡರೂ ಅದು ಸಂಗೀತವೇ ಎಂದು ಖಾತ್ರಿಯಿಲ್ಲ. ಹಾಡಿನ ಏರಿಳಿತದೊಡನೆ ಬದಲಾಗದೆ ಒಂದೇ ಸಮನೆ ನಿಂತ ಗೆರೆಗಳು ಯಾವುದೋ ಯಂತ್ರದ ಗದ್ದಲವಾಗಿರುತ್ತವೆ.

ಬ್ಲೂಟೂತ್ ಹೆಡ್‌ಫೋನಿನಲ್ಲಿ ಕೇಳುವವರಾದರೆ ಈ ಚರ್ಚೆಯೇ ಬಹುಮಟ್ಟಿಗೆ ಅಪ್ರಸ್ತುತ. ಸಿಡಿಯ ಧ್ವನಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು, 24 ಬಿಟ್, 192 ಕಿಲೋಹರ್ಟ್ಸ್‌ಗೆ 9,216 ಕಿಲೋಬಿಟ್. ಹೈ-ರೆಸ್ ಎಂಬ ಮುದ್ರೆಯೊಂದಿಗೆ ಬರುವ, ಧ್ವನಿಯನ್ನು ಕುಗ್ಗಿಸಿ ಕಳಿಸುವ ಎಲ್‌ಡ್ಯಾಕ್ ಕೋಡೆಕ್ ಕೂಡ ಹೆಚ್ಚೆಂದರೆ 990 ಕಿಲೋಬಿಟ್ ಸಾಗಿಸುತ್ತದೆ. ಅಂದರೆ ನಡುದಾರಿಯಲ್ಲಿ ಧ್ವನಿಯ ಒಂದಷ್ಟು ಭಾಗವನ್ನು ಬಿಟ್ಟೇ ಅದು ಮುಂದೆ ಹೋಗಬೇಕು. ಅದು ಕೆಟ್ಟದಾಗಿ ಕೇಳುತ್ತದೆ ಎಂದಲ್ಲ, ತುಂಬ ಚೆನ್ನಾಗಿಯೇ ಕೇಳಬಹುದು. ಫೈಲು ಹೈ-ರೆಸ್ ಆಗಿದ್ದರಿಂದ ಅಲ್ಲಿ ಲಾಭವಿಲ್ಲ, ಅಷ್ಟೆ. ಫೈಲಿನ ರೂಪಕ್ಕೆ ಖರ್ಚು ಮಾಡುವ ಹಣವನ್ನು ಸ್ಪೀಕರಿಗೋ ಹೆಡ್‌ಫೋನಿಗೋ ಹಾಕಿದರೆ, ಅಥವಾ ಖರ್ಚೇ ಇಲ್ಲದೆ ಸ್ಪೀಕರುಗಳನ್ನು ಗೋಡೆಯಿಂದ ಸ್ವಲ್ಪ ಈಚೆಗೆ ಸರಿಸಿ ನೋಡಿದರೆ, ಅಲ್ಲಿ ಕೇಳಿಸುವ ಬದಲಾವಣೆ ಹಲವು ಡೆಸಿಬೆಲ್‌ಗಳದ್ದು. ಅದನ್ನು ಗುರುತಿಸಲು ಯಾರಿಗೂ ತರಬೇತಿ ಬೇಡ.

ಸಂಗ್ರಹವನ್ನೆಲ್ಲ ಮತ್ತೆ ಕೊಳ್ಳುವ ಅಗತ್ಯ ಖಂಡಿತ ಇಲ್ಲ. ನಿಮ್ಮ ಸಿಡಿ ಹಳೆಯದಾಗಿದ್ದು, ಜೋರಿನ ಪೈಪೋಟಿ ಶುರುವಾಗುವ ಮೊದಲಿನದಾಗಿದ್ದರೆ, ಅದೇ ಈಗ ಸಿಗುವ ಎಲ್ಲ ಆವೃತ್ತಿಗಳಿಗಿಂತ ಒಳ್ಳೆಯದಾಗಿರುವ ಸಾಧ್ಯತೆಯೂ ಇದೆ. ಹೈ-ರೆಸ್ ಎಂಬ ಹೆಸರಿನಲ್ಲಿ ಬಂದ ಹೊಸ ಮಾಸ್ಟರುಗಳಲ್ಲೂ ಒತ್ತಿ ಚಪ್ಪಟೆ ಮಾಡಿದವು ಬೇಕಾದಷ್ಟಿವೆ. ತುಂಬ ಪ್ರೀತಿಯ ಆಲ್ಬಮ್ ಒಂದಿದ್ದು, ಅದರ ಸಿಡಿ ಕಿವಿಗೆ ಕರ್ಕಶವೆನಿಸುತ್ತಿದ್ದು, ಹೊಸ ಆವೃತ್ತಿಯನ್ನು ಬೇರೆಯದಾಗಿ ಮಾಸ್ಟರಿಂಗ್ ಮಾಡಿದ್ದಾರೆಂದು ತಿಳಿದುಬಂದರೆ ಆಗ ಕೊಳ್ಳಿ. ಅದೇ ಹೊಸ ಮಾಸ್ಟರು 16 ಬಿಟ್, 44.1 ಕಿಲೋಹರ್ಟ್ಸ್‌ನಲ್ಲೂ ಸಿಗುವುದಾದರೆ ಅದನ್ನೇ ಕೊಳ್ಳಿ, ಫೈಲಿನ ಗಾತ್ರ ಸುಮಾರು ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇನ್ನು ಕಂಪ್ಯೂಟರಿಗೆ ಇಳಿಸಿಕೊಂಡ ನಿಮ್ಮ ಸಿಡಿಗಳ ಫೈಲುಗಳು ಯಾವ ರೂಪದಲ್ಲಿವೆ ಎಂದು ನೀವು ಬರೆದಿಲ್ಲ. ಅವು ಎಂಪಿ3 ಆಗಿದ್ದರೆ, ಡಿಸ್ಕುಗಳು ಗೀಚಿ ಕೆಡುವ ಮೊದಲು ಅವನ್ನು ಓದುವಾಗಿನ ತಪ್ಪುಗಳನ್ನು ತಾಳೆ ನೋಡುವ ಸಾಫ್ಟ್‌ವೇರಿನಿಂದ ಇನ್ನೊಮ್ಮೆ ಫ್ಲ್ಯಾಕ್ ರೂಪದಲ್ಲಿ ಇಳಿಸಿಕೊಳ್ಳಿ. ಫ್ಲ್ಯಾಕ್‌ನಲ್ಲಿ ಫೈಲಿನ ಗಾತ್ರ ಬಹುತೇಕ ಅರ್ಧಕ್ಕೆ ಇಳಿದರೂ ಸಿಡಿಯಲ್ಲಿದ್ದ ಒಂದು ಬಿಟ್ ಕೂಡ ಕಳೆದುಹೋಗುವುದಿಲ್ಲ.